ಉಳುಕೋ ಅಸ್ಥಿಭಂಗವೋ: ಪಾದಕ್ಕೆ ಪೆಟ್ಟಾದಾಗ

ಮೆಟ್ಟಿಲಿಳಿಯುವಾಗ ಕಾಲು ಹೊರಳಿ ಬಿದ್ದವರ ಸುತ್ತ ನಾಲ್ಕು ಜನ ಸೇರಿದರೆಂದರೆ ನಮ್ಮಲ್ಲಿ ಮೊದಲು ಹೊರಡುವ ಮಾತು ‘ಬೆರಳು ಆಡಿಸು ನೋಡೋಣ’ ಎಂಬುದು. ಬೆರಳು ಆಡಿತೆಂದರೆ ಅದರ ಹಿಂದೆಯೇ ‘ಎರಡು ಹೆಜ್ಜೆ ಇಡು’ ಎಂಬ ಅಪ್ಪಣೆ. ಪೆಟ್ಟು ತಿಂದವರು ಹಲ್ಲು ಕಚ್ಚಿ ಹೇಗೋ ಎರಡು ಹೆಜ್ಜೆ ಇಟ್ಟುಬಿಟ್ಟರೆ, ಎಲುಬಿಗೆ ಏನೂ ಆಗಿಲ್ಲ, ಬರಿಯ ಉಳುಕು ಎಂಬ ತೀರ್ಪು ಹೊರಬಿದ್ದು, ಒಬ್ಬರು ಎಣ್ಣೆ ಬಿಸಿಮಾಡಲು ಒಳಕ್ಕೂ ಇನ್ನೊಬ್ಬರು ನೀವುವವರನ್ನು ಕರೆತರಲು ಹೊರಕ್ಕೂ ಹೋಗುತ್ತಾರೆ. ಈ ಎರಡು ಪರೀಕ್ಷೆಗಳೂ ಅಕ್ಕರೆಯಿಂದ ಹುಟ್ಟಿದವೇ ಆದರೂ ಎರಡೂ ನೆಚ್ಚತಕ್ಕವಲ್ಲ. ಕಾಲ್ಬೆರಳುಗಳನ್ನು ಆಡಿಸುವ ಪ್ರಬಲ ಸ್ನಾಯುಗಳು ಇರುವುದು ಮೊಣಕಾಲಿನ ಕೆಳಗಣ ಭಾಗದಲ್ಲಿ. ಅಲ್ಲಿಂದ ಹೊರಟ ನೀಳವಾದ ರಜ್ಜುಗಳು ಪಾದವನ್ನು ದಾಟಿ ಬೆರಳೆಲುಬುಗಳನ್ನು ಹಿಡಿದುಕೊಂಡಿರುವುದರಿಂದ, ನಡುವಣ ಎಲುಬೊಂದು ಸೀಳಿದ್ದರೂ ಬೆರಳು ತನ್ನಷ್ಟಕ್ಕೆ ಆಡುತ್ತಲೇ ಇರುತ್ತದೆ. ನಡಿಗೆಯ ಮಾತೂ ಅಂತೆಯೇ. ಒಂದು ಎಲುಬು ಮುರಿದಾಗ ಅದು ಹೊರುತ್ತಿದ್ದ ಭಾರ ನೆರೆಯ ಎಲುಬುಗಳಿಗೆ ಹಂಚಿಹೋಗುವುದು ಪಾದದ ರಚನೆಯಲ್ಲಿಯೇ ಇರುವ ಗುಣ. ಆದುದರಿಂದ ಹೆಜ್ಜೆ ಇಡಲಾರದಿದ್ದರೆ ಮುರಿತವಾಗಿರಬಹುದೆಂದು ಶಂಕಿಸುವುದು ಸರಿ, ಹೆಜ್ಜೆ ಇಟ್ಟರೆ ಮುರಿದಿಲ್ಲವೆಂದು ನಿಶ್ಚಯಿಸುವುದು ತಪ್ಪು.

ಮನುಷ್ಯಶರೀರದ 206 ಎಲುಬುಗಳಲ್ಲಿ 52, ಅಂದರೆ ಕಾಲುಭಾಗಕ್ಕೂ ತುಸು ಹೆಚ್ಚು, ಎರಡು ಪಾದಗಳಲ್ಲಿಯೇ ಅಡಗಿವೆ. ಒಂದೊಂದು ಪಾದದ 26 ಎಲುಬುಗಳಲ್ಲಿ ಏಳು ಹಿಂಭಾಗ ಮತ್ತು ನಡುಭಾಗದಲ್ಲಿಯೂ, ಐದು ನೀಳವಾದ ಶಲಾಕೆಗಳಾಗಿ ಮೇಗಾಲಿನ ಉದ್ದಕ್ಕೂ, ಹದಿನಾಲ್ಕು ಬೆರಳುಗಳಲ್ಲಿಯೂ ಇರುತ್ತವೆ. ನೀಳವಾದ ಈ ಐದನ್ನು ಹೆಬ್ಬೆರಳಿನ ಕಡೆಯಿಂದ ಒಂದನೆಯದು, ಎರಡನೆಯದು ಎಂದು ಎಣಿಸುವುದು ವೈದ್ಯರ ವಾಡಿಕೆ. ಕಿರುಬೆರಳಿನ ಹಿಂದಿರುವುದು ಐದನೆಯದು. ಇವುಗಳನ್ನೆಲ್ಲ ಒಂದಕ್ಕೊಂದು ಬಿಗಿದಿರುವ ಅಸ್ಥಿಬಂಧಗಳು ಹರಿದರೆ ಅಥವಾ ಜಗ್ಗಿದರೆ ಅದು ಉಳುಕು. ಎಲುಬೇ ಒಡೆದರೆ ಅಸ್ಥಿಭಂಗ. ಕೂದಲೆಳೆಯ ಗೆರೆಯಂಥ ಮುರಿತವನ್ನು ‘ಮುರಿದಿಲ್ಲ, ಬರೀ ಕ್ರ್ಯಾಕ್ ಬಿಟ್ಟಿದೆ’ ಎಂದು ಹಗುರವಾಗಿ ಹೇಳುವುದುಂಟು; ಬಿರುಕು ಬಿಟ್ಟದ್ದೂ ಮುರಿತವೇ, ಅದಕ್ಕೂ ವಿಶ್ರಾಂತಿ ಬೇಕು.

ಮುರಿತದ ಲಕ್ಷಣಗಳಲ್ಲಿ ಕೆಲವು ಕಣ್ಣಿಗೆ ಕಾಣತಕ್ಕವು: ಬೆರಳು ಅಥವಾ ಪಾದ ತನ್ನ ಸಹಜವಾದ ಆಕಾರವನ್ನು ಬಿಟ್ಟು ವಕ್ರವಾಗಿರುವುದು, ಗಾಯದೊಳಗಿಂದ ಎಲುಬು ತೋರುವುದು, ಬೇಗಬೇಗನೆ ಏರುವ ಬಾವು, ನೀಲಿಗಟ್ಟುವಿಕೆ. ಬೀಳುವಾಗ ‘ಲಟ್’ ಎಂದಿತೆಂದು ಕೆಲವರು ಹೇಳುತ್ತಾರೆ. ಆದರೆ ಅಸ್ಥಿಬಂಧ ಹರಿದಾಗಲೂ ಅಂಥ ಸದ್ದು ಬರುವುದುಂಟು, ಬಾವೂ ನೀಲಿಯೂ ಉಳುಕಿನಲ್ಲಿಯೂ ಉಂಟು. ಇವೆಲ್ಲಕ್ಕಿಂತ ಹೆಚ್ಚು ಹೇಳಬಲ್ಲದ್ದು ಒಂದು ಬೆರಳಿನ ತುದಿ. ಕೆನಡಾ ದೇಶದ ಒಟ್ಟಾವಾ ನಗರದಲ್ಲಿ ಇಯಾನ್ ಸ್ಟಿಯೆಲ್ ಮತ್ತು ಅವರ ಸಹೋದ್ಯೋಗಿ ವೈದ್ಯರು 1992ರಲ್ಲಿ, ಕಾಲು ಹೊರಳಿಸಿಕೊಂಡು ಬಂದವರಲ್ಲಿ ಯಾರಿಗೆ ಎಕ್ಸ್‌ರೇ ಅವಶ್ಯ, ಯಾರಿಗೆ ಅನವಶ್ಯ ಎಂಬುದನ್ನು ನಿರ್ಣಯಿಸಲು ಕೆಲವು ಸರಳ ನಿಯಮಗಳನ್ನು ಪ್ರಕಟಿಸಿದರು. ಇಂದು ಅವು ಜಗತ್ತಿನ ಅನೇಕ ತುರ್ತುಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿವೆ, ಮನೆಯವರೂ ತಿಳಿದಿರಲು ಯೋಗ್ಯವಾಗಿವೆ.

ಪೆಟ್ಟು ತಿಂದವರನ್ನು ಕೂರಿಸಿ, ಎರಡೂ ಪಾದಗಳನ್ನು ಬರಿದು ಮಾಡಿ ಅಕ್ಕಪಕ್ಕದಲ್ಲಿ ಚಾಚಿಸಿ, ನೋಯದ ಪಾದವನ್ನು ಮೊದಲು ಮುಟ್ಟಿ ನೋಡಬೇಕು. ಹಾಗೆ ಮಾಡಿದರೆ ಸಹಜವಾದ ಉಬ್ಬು ಯಾವುದು, ಬಾವು ಯಾವುದು ಎಂಬುದು ಕೈಗೆ ತಿಳಿಯುತ್ತದೆ. ಬಳಿಕ ಅಂಗೈಯಿಂದ ಹಿಸುಕದೆ, ತೋರುಬೆರಳಿನ ತುದಿಯೊಂದರಿಂದಲೇ ನಾಲ್ಕು ಎಡೆಗಳನ್ನು ಒತ್ತತಕ್ಕದ್ದು. ಮೊದಲನೆಯದು ಪಾದದ ಹೊರ ಅಂಚಿನ ನಡುವೆ ಕೈಗೆ ಗಂಟಿನಂತೆ ಸಿಗುವ ಐದನೆಯ ಶಲಾಕೆಯ ಬುಡ. ಎರಡನೆಯದು ಒಳಅಂಚಿನಲ್ಲಿ, ಹರಡಿನ ಒಳಗಿಣ್ಣಿಗಿಂತ ತುಸು ಮುಂದೆ ಕೆಳಗೆ ಉಬ್ಬಿರುವ ನೌಕಾಸ್ಥಿ. ಮೂರನೆಯದೂ ನಾಲ್ಕನೆಯದೂ ಹರಡಿನ ಹೊರಗಿಣ್ಣು ಒಳಗಿಣ್ಣುಗಳ ತುದಿ ಮತ್ತು ಹಿಂದಣ ಅಂಚು, ಮೇಲಕ್ಕೆ ಸುಮಾರು 6 ಸೆಂಟಿಮೀಟರಿನವರೆಗೆ. ಈ ಎಡೆಗಳಲ್ಲಿ ಎಲುಬಿನ ಮೇಲೆಯೇ ಚುಚ್ಚಿದಂಥ ನೋವು ಎದ್ದರೆ, ಇಲ್ಲವೆ ಬಿದ್ದ ಕ್ಷಣದಲ್ಲಿಯೂ ಪರೀಕ್ಷೆಯ ಹೊತ್ತಿನಲ್ಲಿಯೂ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ, ಒಂದೊಂದು ಕಾಲಿಗೆ ಎರಡರಂತೆ, ಇಡಲಾಗದಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಉಳುಕಿನ ನೋವಾದರೋ ಸಾಮಾನ್ಯವಾಗಿ ಎಲುಬನ್ನು ಬಿಟ್ಟು ಅದರ ಮುಂದಣ ಮೆತ್ತನೆಯ ಭಾಗದಲ್ಲಿ ಹರಡಿಕೊಂಡಿರುತ್ತದೆ. ಈ ನಿಯಮಗಳು ಎಳೆಯ ಮಕ್ಕಳಿಗೆ, ಮದ್ಯದ ಅಮಲಿನಲ್ಲಿರುವವರಿಗೆ, ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಅನ್ವಯಿಸವು. ಹಿಮ್ಮಡಿಯೂ ಬೆರಳುಗಳೂ ಇವುಗಳ ವ್ಯಾಪ್ತಿಯ ಹೊರಗಿವೆ.

ಇನ್ನು ಪ್ರಥಮಚಿಕಿತ್ಸೆ. ಮುರಿತದ ಶಂಕೆಯಿರುವವರನ್ನು ನಡೆಸದಿರುವುದೇ ಅದರಲ್ಲಿ ಮೊದಲನೆಯದು. ಷೂ, ಚಪ್ಪಲಿ, ಕಾಲ್ಗೆಜ್ಜೆಗಳನ್ನು ಬಾವು ಏರುವ ಮುನ್ನವೇ ತೆಗೆದುಬಿಡಬೇಕು. ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಇದರಷ್ಟೇ ಮುಖ್ಯವಾದ ಇನ್ನೊಂದು ಮಾತೆಂದರೆ ಕಾಲುಂಗುರ. ಮುತ್ತೈದೆಯ ಕಾಲುಂಗುರ ತೆಗೆಯಬಾರದೆಂಬ ಸಂಕೋಚದಿಂದ ಹಿರಿಯರು ತಡೆಯುವುದುಂಟು. ಆದರೆ ಬಾತ ಬೆರಳಿನ ಬುಡದಲ್ಲಿ ಬೆಳ್ಳಿಯ ಬಳೆ ಬಿಗಿಯುತ್ತ ಹೋದರೆ ರಕ್ತಸಂಚಾರವೇ ನಿಂತು ಬೆರಳು ಕಪ್ಪಾಗಬಹುದು. ಹಿಂಬದಿಯಲ್ಲಿ ಬಾಯಿ ಬಿಟ್ಟಿರುವ ಉಂಗುರವಾದರೆ ಎರಡೂ ತುದಿಗಳನ್ನು ಮೆಲ್ಲನೆ ಅಗಲಿಸಿದರಾಯಿತು. ಮುಚ್ಚಿದ ಸುತ್ತಾಗಿದ್ದು, ಆ ಬೆರಳೇ ಮುರಿದಂತೆ ತೋರದಿದ್ದರೆ, ಗಟ್ಟಿಯಾದ ನೂಲಿನ ಒಂದು ತುದಿಯನ್ನು ಉಂಗುರದ ಅಡಿಯಿಂದ ಪಾದದ ಕಡೆಗೆ ತೂರಿಸಿ, ಉಳಿದ ನೂಲನ್ನು ಉಂಗುರದ ಅಂಚಿನಿಂದ ಬೆರಳಿನ ತುದಿಯತ್ತ ಒತ್ತೊತ್ತಾಗಿ ಸುತ್ತಿ, ಬಳಿಕ ತೂರಿಸಿದ ತುದಿಯನ್ನು ಹಿಡಿದು ಬಿಚ್ಚುತ್ತ ಬಂದರೆ ಉಂಗುರವು ಸುತ್ತು ಸುತ್ತಾಗಿ ಮುಂದೆ ಜರುಗಿ ಹೊರಬರುತ್ತದೆ. ಬೆರಳೇ ಮುರಿದಿದ್ದರೆ ಈ ಯತ್ನ ಬೇಡ. ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಯಲಿ, ಕಾಲು ವಾಸಿಯಾದ ಮೇಲೆ ಅಕ್ಕಸಾಲಿಯಿಂದ ಬೆಸುಗೆ ಹಾಕಿಸಿಕೊಳ್ಳಬಹುದು.

ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಸಲಕ್ಕೆ 15ರಿಂದ 20 ನಿಮಿಷ, ಎರಡು ಮೂರು ಗಂಟೆಗೊಮ್ಮೆ ಇಡಬೇಕು. ಬರಿಯ ಮಂಜನ್ನು ಚರ್ಮಕ್ಕೆ ತಾಗಿಸಕೂಡದು. ಮಲಗಿಸಿ, ದಿಂಬುಗಳ ಮೇಲೆ ಪಾದವನ್ನು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿರಿಸುವುದು ಬಾವನ್ನು ಇಳಿಸುವ ಅತ್ಯುತ್ತಮೋಪಾಯ. ಸಾಗಿಸುವಾಗ ಮೆತ್ತನೆಯ ದಿಂಬೊಂದನ್ನು ಪಾದ ಮತ್ತು ಹರಡಿನ ಸುತ್ತ ಮಡಚಿ, ಬೆರಳ ತುದಿಗಳು ಕಾಣುವಂತೆ ಬಿಟ್ಟು ಸಡಿಲವಾಗಿ ಕಟ್ಟಿದರೆ ಅದೇ ಸಾಕಷ್ಟು ಆಸರೆ. ಗಾಯವಿದ್ದರೆ ಒಗೆದು ಒಣಗಿಸಿದ ಬಟ್ಟೆಯನ್ನು ಮುಚ್ಚಿ ಒತ್ತಿಹಿಡಿಯಬೇಕಲ್ಲದೆ ಅರಿಸಿನ, ಕಾಫಿಪುಡಿ, ಬೂದಿ ಮುಂತಾದುವನ್ನು ತುಂಬಬಾರದು. ಹೊರಬಂದ ಎಲುಬನ್ನು ಒಳಗೆ ತಳ್ಳಬಾರದು. ಅಂಥ ತೆರೆದ ಮುರಿತಕ್ಕೆ ಧನುರ್ವಾಯುವಿನ ಚುಚ್ಚುಮದ್ದೂ ಪ್ರತಿಜೈವಿಕವೂ ಆದಷ್ಟು ಬೇಗನೆ ಸಿಕ್ಕಬೇಕು, ಶಸ್ತ್ರಚಿಕಿತ್ಸೆಯೂ ಬೇಕಾಗುವುದರಿಂದ ಊಟ, ಕಾಫಿ ಕೊಡದೆ 108ಕ್ಕೆ ಕರೆ ಮಾಡಿ ಕರೆದೊಯ್ಯತಕ್ಕದ್ದು.

ಎಣ್ಣೆ ಹಚ್ಚಿ ನೀವಿಸುವ ವಿಷಯದಲ್ಲಿ ನಾನು ನಿರ್ದಾಕ್ಷಿಣ್ಯವಾಗಿಯೇ ಹೇಳಬೇಕಾಗಿದೆ. ಒಡೆದ ಎಲುಬಿನ ಚೂಪಾದ ಅಂಚುಗಳ ಮೇಲೆ ಹೆಬ್ಬೆಟ್ಟು ಊರಿ ತಿಕ್ಕಿದರೆ ಜರುಗದೆ ನಿಂತಿದ್ದ ಮುರಿತ ಜರುಗುತ್ತದೆ, ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ಬಿಸಿನೀರಿನ ಶಾಖವೂ ಮೊದಲ ಎರಡು ದಿನಗಳಲ್ಲಿ ಬಾವನ್ನು ಏರಿಸುತ್ತದೆ. ಅದಕ್ಕಿಂತ ಭಯಂಕರವಾದದ್ದು ಬಿಗಿಕಟ್ಟು. ಪಾದದ ಸ್ನಾಯುಗಳು ಹಿಗ್ಗಲೊಲ್ಲದ ಪೊರೆಗಳೊಳಗೆ ಸೇರಿಕೊಂಡಿರುವುದರಿಂದ, ಒಳಗೆ ಬಾವು ಏರುತ್ತಿರುವಾಗ ಹೊರಗಿನಿಂದ ಬಿದಿರುಪಟ್ಟಿ ಕಟ್ಟಿ ಬಿಗಿದರೆ ರಕ್ತ ಒಳಬರಲಾರದೆ ಮಾಂಸವು ಕೆಲವೇ ಗಂಟೆಗಳಲ್ಲಿ ನಿರ್ಜೀವವಾಗುವ ಅಪಾಯವುಂಟು. ನಾಟಿಪದ್ಧತಿಯ ಅಭಿಮಾನದಿಂದ ಇದನ್ನು ಸಮರ್ಥಿಸುವವರು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿರುವ ಭಗ್ನಚಿಕಿತ್ಸೆಯ ಅಧ್ಯಾಯವನ್ನು ಒಮ್ಮೆ ಓದಬೇಕು: ಕಟ್ಟು ಸಡಿಲವಾದರೆ ಸಂಧಿ ಸ್ಥಿರವಾಗದು, ಅತಿ ಬಿಗಿಯಾದರೆ ಬಾವು, ನೋವು, ಕೀವು ಉಂಟಾಗುವುವು, ಆದುದರಿಂದ ಮಧ್ಯಮವಾದ ಕಟ್ಟೇ ಶ್ರೇಯಸ್ಕರ ಎಂದು ಸುಶ್ರುತನ ಮತ; ತಂಪಿನ ಋತುವಿನಲ್ಲಿ ಏಳು ದಿನಗಳಿಗೊಮ್ಮೆ, ಸಾಧಾರಣ ಋತುವಿನಲ್ಲಿ ಐದು ದಿನಗಳಿಗೊಮ್ಮೆ, ಬಿಸಿಲಿನ ಕಾಲದಲ್ಲಿ ಮೂರು ದಿನಗಳಿಗೊಮ್ಮೆ ಕಟ್ಟನ್ನು ಬಿಚ್ಚಿ ಮರಳಿ ಕಟ್ಟಬೇಕೆಂದೂ ಅಲ್ಲಿ ವಿಧಿಸಿದೆ. ಯಾರು ಕಟ್ಟಿದ ಕಟ್ಟೇ ಆಗಲಿ, ಆಸ್ಪತ್ರೆಯ ಪ್ಲಾಸ್ಟರೇ ಆಗಲಿ, ಮಾತ್ರೆಗೂ ಜಗ್ಗದ ನೋವು ಏರುತ್ತ ಹೋದರೆ, ಇನ್ನೊಬ್ಬರು ಬೆರಳನ್ನು ಮೇಲಕ್ಕೆತ್ತಿದ ಮಾತ್ರಕ್ಕೆ ಪ್ರಾಣ ಹೋದಂತಾದರೆ, ಬೆರಳು ಜೋಮುಹಿಡಿದು ತಣ್ಣಗಾದರೆ, ಉಗುರನ್ನು ಒತ್ತಿ ಬಿಟ್ಟ ಮೇಲೆ ಎರಡು ಸೆಕೆಂಡಿನೊಳಗೆ ಕೆಂಪು ಮರಳದಿದ್ದರೆ, ರಾತ್ರಿಯಾಗಿದ್ದರೂ ಬೆಳಗಿಗೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಮುರಿತಗಳಲ್ಲಿ ಅತ್ಯಂತ ಸಾಮಾನ್ಯವಾದುವುಗಳಲ್ಲೊಂದು ಐದನೆಯ ಶಲಾಕೆಯದು. ಅದರ ಇತಿಹಾಸವೂ ಬೋಧಪ್ರದವಾಗಿದೆ. ಲಿವರ್‌ಪೂಲಿನ ಪ್ರಸಿದ್ಧ ಅಸ್ಥಿವೈದ್ಯ ರಾಬರ್ಟ್ ಜೋನ್ಸ್ ಒಮ್ಮೆ ನರ್ತಿಸುತ್ತಿದ್ದಾಗ, ಹಿಮ್ಮಡಿ ನೆಲದಿಂದ ಎದ್ದಿದ್ದ ಕ್ಷಣದಲ್ಲಿ ಪಾದದ ಹೊರ ಅಂಚಿನ ಮೇಲೆ ಭಾರ ಬಿದ್ದು ಒಳಗೆ ಏನೋ ಕೈಬಿಟ್ಟಂತಾಯಿತು. ಸ್ನಾಯುರಜ್ಜು ಹರಿದಿರಬೇಕೆಂದು ಊಹಿಸಿದ ಅವರು ಗೆಳೆಯನ ಆಸರೆಯಲ್ಲಿ ಗಾಡಿಯವರೆಗೆ ನಡೆದೇ ಹೋದರು. ಮರುದಿನ ಬೆಳಗ್ಗೆ ಪರೀಕ್ಷಿಸಿಕೊಂಡಾಗ ರಜ್ಜು ನೆಟ್ಟಗಿತ್ತು. ಬಾವು ಅಲ್ಪವೇ ಆಗಿತ್ತು. ಆದರೆ ಐದನೆಯ ಶಲಾಕೆಯ ಒಂದು ಎಡೆಯಲ್ಲಿ ಬೆರಳಿಟ್ಟೊಡನೆ ತಾಳಲಾರದ ನೋವು. ಎಕ್ಸ್‌ರೇಯಲ್ಲಿ ಬುಡದಿಂದ ಮುಕ್ಕಾಲು ಅಂಗುಲ ದೂರದಲ್ಲಿ ಮುರಿತ ಕಂಡಿತು. ತಮ್ಮದನ್ನೂ ಅಂಥವೇ ಇತರರ ಮುರಿತಗಳನ್ನೂ ಕುರಿತು 1902ರಲ್ಲಿ ಅವರು ಬರೆದ ಪ್ರಬಂಧದಿಂದಾಗಿ ಆ ಮುರಿತಕ್ಕೆ ಇಂದಿಗೂ ಜೋನ್ಸ್ ಮುರಿತವೆಂದೇ ಹೆಸರು. ಎಲುಬಿನ ಶಾಸ್ತ್ರವನ್ನೇ ಬಲ್ಲವರು ನಡೆದುಹೋದರೆಂದ ಮೇಲೆ ನಡಿಗೆಯನ್ನು ಪ್ರಮಾಣವಾಗಿ ಇಟ್ಟುಕೊಳ್ಳುವುದು ನಮಗೆ ಹೇಗೆ ಸಲ್ಲುತ್ತದೆ?

ಈ ಶಲಾಕೆಯ ಮುರಿತಗಳಲ್ಲಿ ಎರಡು ಬಗೆಯುಂಟೆಂಬುದನ್ನು ರೋಗಿಗಳೂ ತಿಳಿದಿರಬೇಕು. ತೀರ ಬುಡದ ತುದಿಯಷ್ಟೇ ಕಿತ್ತುಬಂದಿದ್ದರೆ, ಗಟ್ಟಿ ಅಟ್ಟೆಯ ಪಾದರಕ್ಷೆ ಅಥವಾ ವೈದ್ಯರು ಕೊಡುವ ಬೂಟನ್ನು ಹಾಕಿಕೊಂಡು, ನೋವು ತಾಳುವಷ್ಟು ಭಾರ ಊರುತ್ತ ಸುಮಾರು ಆರು ವಾರಗಳಲ್ಲಿ ಹೆಚ್ಚಿನವರು ಗುಣಮುಖರಾಗುತ್ತಾರೆ. ಜೋನ್ಸ್ ಮುರಿತವಿರುವ ಎಡೆಯಲ್ಲಾದರೋ ರಕ್ತಪೂರೈಕೆ ಸಹಜವಾಗಿಯೇ ಕಡಮೆ; ಆದಕಾರಣ ಆರರಿಂದ ಎಂಟು ವಾರ ಕಾಲೂರದೆ ಪ್ಲಾಸ್ಟರಿನಲ್ಲಿದ್ದರೂ ಕೆಲವೊಮ್ಮೆ ಎಲುಬು ಕೂಡಿಕೊಳ್ಳದೆ, ಸ್ಕ್ರೂ ಹಾಕಿ ಬಿಗಿಯಬೇಕಾಗುತ್ತದೆ. ಆಟಗಾರರಿಗೆ ಮೊದಲೇ ಸ್ಕ್ರೂ ಹಾಕುವುದೂ ಉಂಟು. ‘ಐದನೆಯದು ಮುರಿದಿದೆ’ ಎಂದಾಗ ಯಾವ ಎಡೆಯಲ್ಲಿ ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ.

ಪಾದದ ನಡುಭಾಗದಲ್ಲಿ ಇನ್ನೊಂದು ಪೆಟ್ಟು ಉಂಟು. ಅದು ಎಕ್ಸ್‌ರೇಯ ಕಣ್ಣಿನಿಂದಲೂ ತಪ್ಪಿಸಿಕೊಳ್ಳುವುದುಂಟು. ಶಲಾಕೆಗಳು ನಡುಪಾದದ ಎಲುಬುಗಳೊಡನೆ ಕೂಡುವ ಸಾಲಿನಲ್ಲಿ ಎರಡನೆಯ ಶಲಾಕೆಯ ಬುಡವು ಕಲ್ಲುಕಮಾನಿನ ನಡುಗಲ್ಲಿನಂತೆ ಒಳಸರಿದು ಕುಳಿತಿದೆ. ಅದನ್ನು ಹಿಡಿದಿರುವ ಬಂಧ ಹರಿದರೆ ಪಾದದ ಕಮಾನೇ ಕುಸಿಯಲಾರಂಭಿಸುತ್ತದೆ. ನೆಪೋಲಿಯನ್ನನ ಸೇನೆಯಲ್ಲಿದ್ದ ಫ್ರೆಂಚ್ ಶಸ್ತ್ರವೈದ್ಯ ಲಿಸ್‌ಫ್ರಾಂಕ್ ಇದೇ ಸಂಧಿಯಲ್ಲಿ ಪಾದವನ್ನು ಛೇದಿಸುವ ವಿಧಾನವನ್ನು 1815ರಲ್ಲಿ ವಿವರಿಸಿದ್ದರಿಂದ ಸಂಧಿಗೂ ಪೆಟ್ಟಿಗೂ ಅವನ ಹೆಸರು ನಿಂತಿತು. ಬೈಕಿನ ಅಪಘಾತದಲ್ಲಿ, ಇಲ್ಲವೆ ಬೆರಳುಗಳು ನೆಲಕ್ಕೆ ನಾಟಿ ಹಿಮ್ಮಡಿ ಎದ್ದಿರುವಾಗ ಮೇಲಿಂದ ಭಾರ ಬಿದ್ದರೆ ಇದು ಸಂಭವಿಸುತ್ತದೆ. ಅಂಗಾಲಿನ ನಡುವೆ ನೀಲಿಗಟ್ಟಿದೆಯೆ ಎಂದು ತಪ್ಪದೆ ನೋಡಬೇಕು. ಮೇಗಾಲನ್ನು ನೋಡುವವರು ಅಂಗಾಲನ್ನು ತಿರುಗಿಸಿ ನೋಡುವುದು ಅಪರೂಪ, ಆದರೆ ಅಲ್ಲಿನ ನೀಲಿಯೇ ಇದರ ಪ್ರಮುಖ ಸೂಚನೆ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಎಲ್ಲವೂ ಸರಿಯಿರುವಂತೆ ತೋರಿ, ಭಾರ ಊರಿ ನಿಂತಾಗ ತೆಗೆದುದರಲ್ಲಿ ಮಾತ್ರ ಎಲುಬುಗಳ ನಡುವಣ ಸಂದು ಬಾಯ್ದೆರೆಯುವುದುಂಟು. ಆದುದರಿಂದ ನಡುಪಾದದ ನೋವು ವಾರವಾದರೂ ತಗ್ಗದಿದ್ದರೆ ‘ನಿಂತು ಎಕ್ಸ್‌ರೇ ತೆಗೆಯೋಣವೆ, ಎರಡೂ ಪಾದಗಳದ್ದು?’ ಎಂದು ಕೇಳುವುದು ಅವಿನಯವಲ್ಲ. ಎಲುಬು ಜರುಗಿದ್ದರೆ ಶಸ್ತ್ರಚಿಕಿತ್ಸೆಯಿಲ್ಲದೆ ಗತ್ಯಂತರವಿಲ್ಲ.

ಹಿಮ್ಮಡಿಯ ಎಲುಬು ಪಾದದ ಎಲುಬುಗಳಲ್ಲೆಲ್ಲ ದೊಡ್ಡದು. ಎತ್ತರದಿಂದ ಕಾಲೂರಿ ಬಿದ್ದಾಗ ಅದು ಒಡೆಯುತ್ತದೆ. ಮಲೆನಾಡಿನ ಅಡಕೆಮರ, ತಿಪಟೂರಿನ ಕಡೆಯ ತೆಂಗಿನಮರ, ನಗರಗಳ ಕಟ್ಟಡದ ಸಾರುವೆ ಇವುಗಳ ಮೇಲಿಂದ ಬೀಳುವ ದುಡಿಮೆಗಾರರಿಗೆ ಈ ಪೆಟ್ಟಿನ ಭಯ ನಿತ್ಯದ್ದು. ಅಂಥವರ ಪಾದವನ್ನಷ್ಟೇ ನೋಡಿ ಸುಮ್ಮನಾಗಲಾಗದು. ಬಿದ್ದ ರಭಸವು ಕಾಲಿನ ಮೂಲಕ ಬೆನ್ನಿಗೂ ಏರುವುದರಿಂದ ಸರಿಸುಮಾರು ಹತ್ತರಲ್ಲಿ ಒಬ್ಬರ ಬೆನ್ನೆಲುಬೂ ಜತೆಯಲ್ಲಿಯೇ ಮುರಿದಿರುತ್ತದೆ. ಬೆನ್ನು, ಸೊಂಟ ನೋಯುತ್ತಿದೆಯೆಂದರೆ ಹೆಗಲ ಮೇಲೆ ಹಾಕಿಕೊಂಡು ಓಡದೆ, ಅಲುಗಿಸದೆ ಹಲಗೆಯ ಮೇಲೆ ಮಲಗಿಸಿಯೇ ಸಾಗಿಸಬೇಕು. ಶಸ್ತ್ರಚಿಕಿತ್ಸೆ ಬೇಕೆಂದು ಹೇಳಿಯೂ ವೈದ್ಯರು ಒಂದೆರಡು ವಾರ ಕಾಯುತ್ತಿದ್ದರೆ ಅದು ಉದಾಸೀನವಲ್ಲ: ಬಾವು ಇಳಿದು ಚರ್ಮದಲ್ಲಿ ಸುಕ್ಕು ಮೂಡುವ ಮುನ್ನ ಕುಯ್ದರೆ ಗಾಯ ಕೂಡದೆ ಕೀವಾಗುತ್ತದೆ. ಎರಡು ಮೂರು ತಿಂಗಳು ಕಾಲೂರುವಂತಿಲ್ಲ. ಪೂರ್ಣ ಬಲ ಮರಳಲು ವರ್ಷವೇ ಹಿಡಿಯಬಹುದು.

ಬೀಳದೆ, ಏನೂ ತಾಗದೆ ಮುರಿಯುವ ಎಲುಬುಗಳೂ ಉಂಟು. ಪ್ರಷ್ಯಾದ ಸೇನಾವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲಿ ದೀರ್ಘ ಕವಾಯತಿನ ಬಳಿಕ ಸೈನಿಕರ ಪಾದಗಳು ಬಾತು ನೋಯುವುದನ್ನು ವರ್ಣಿಸಿದ್ದನು. 1895ರಲ್ಲಿ ಎಕ್ಸ್‌ರೇ ಆವಿಷ್ಕಾರವಾದ ಮೇಲೆಯೇ ಅದು ಶಲಾಕೆಗಳ ಸೂಕ್ಷ್ಮ ಮುರಿತವೆಂಬುದು ಗೊತ್ತಾಯಿತು. ವರ್ಷವಿಡೀ ಕುಳಿತು ದುಡಿದವರು ಶಿವರಾತ್ರಿಗೆಂದು ಒಮ್ಮೆಲೆ ಧರ್ಮಸ್ಥಳದ ಪಾದಯಾತ್ರೆಗೆ ಹೊರಟಾಗ, ಪೊಲೀಸ್ ತರಬೇತಿಗೆ ಸೇರಿದ ತರುಣರು ದಿಢೀರನೆ ಮೈಲಿಗಟ್ಟಲೆ ಓಡತೊಡಗಿದಾಗ ಎಲುಬಿಗೆ ಬೀಳುವ ಶ್ರಮವೂ ಅದೇ ಬಗೆಯದು. ನಡೆದಂತೆ ನೋವು ಏರಿ, ಕುಳಿತಾಗ ಇಳಿದು, ಮೇಗಾಲಿನಲ್ಲಿ ಒಂದೇ ಬಿಂದುವಿನಲ್ಲಿ ಬೆರಳೂರಿದಾಗ ಚುರುಕೆನ್ನುವುದು ಇದರ ಗುರುತು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ‘ಎಕ್ಸ್‌ರೇ ನಾರ್ಮಲ್’ ಎಂಬ ಮಾತಿನಿಂದ ನಡಿಗೆ ಮುಂದುವರಿಸದೆ, ವಿಶ್ರಾಂತಿ ಕೊಟ್ಟು ಮತ್ತೊಮ್ಮೆ ತೆಗೆಸಬೇಕು, ಅವಶ್ಯವಾದರೆ ಎಂಆರ್‌ಐ ಮಾಡಿಸಬೇಕು.

ಸಕ್ಕರೆಕಾಯಿಲೆಯವರ ವಿಷಯ ಬೇರೆಯೇ. ಬಹುಕಾಲದ ಮಧುಮೇಹದಿಂದ ಪಾದದ ನರಗಳು ಸ್ಪರ್ಶ ಕಳೆದುಕೊಂಡಿದ್ದರೆ ಎಲುಬು ಮುರಿದರೂ ನೋವೇ ತಿಳಿಯದೆ, ಮುರಿದ ಪಾದದ ಮೇಲೆಯೇ ನಡೆದು ನಡೆದು ಕೀಲುಗಳು ಪುಡಿಯಾಗುತ್ತವೆ. ಪ್ಯಾರಿಸಿನ ಶಾರ್ಕೋ ಎಂಬ ವೈದ್ಯ ನರರೋಗಿಗಳಲ್ಲಿ ಇಂಥ ಕೀಲುಗಳನ್ನು 1868ರಲ್ಲಿಯೇ ವರ್ಣಿಸಿದ್ದನು. ಗಾಯವಿಲ್ಲದೆ ಒಂದು ಪಾದ ಮಾತ್ರ ಕೆಂಪೇರಿ, ಬಾತು, ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ, ನೋವಿಲ್ಲವೆಂಬ ಕಾರಣಕ್ಕಾಗಿಯೇ ಹೆಚ್ಚು ಹೆದರಿ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಅಲ್ಲಿಯವರೆಗೆ ಆ ಕಾಲನ್ನು ನೆಲಕ್ಕೆ ಊರಲೇಬಾರದು.

ಕಾಲ್ಬೆರಳುಗಳ ಮುರಿತ ಇವೆಲ್ಲಕ್ಕಿಂತ ಸೌಮ್ಯ. ಹೊಸ್ತಿಲಿಗೆ, ಮಂಚದ ಕಾಲಿಗೆ ಎಡವಿ ಮುರಿದ ಕಿರಿಯ ಬೆರಳನ್ನು, ನಡುವೆ ತುಸು ಹತ್ತಿಬಟ್ಟೆಯಿಟ್ಟು ಪಕ್ಕದ ಬೆರಳಿಗೆ ಸೇರಿಸಿ ಟೇಪು ಹಾಕಿದರೆ ನಾಲ್ಕಾರು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಹೆಬ್ಬೆರಳು ಮಾತ್ರ ಇದಕ್ಕೆ ಹೊರತು. ನಡೆಯುವಾಗ ಅದರ ಮೇಲೆ ಬೀಳುವ ಭಾರ ಹೆಚ್ಚಾದ್ದರಿಂದ ತಪ್ಪದೆ ತೋರಿಸಬೇಕು. ಮಕ್ಕಳ ಬೆರಳುಗುರಿನ ಬುಡದಿಂದ ರಕ್ತ ಒಸರುತ್ತಿದ್ದರೆ ಅದರಡಿಯ ಬೆಳವಣಿಗೆಯ ಪದರವೇ ತೆರೆದಿರಬಹುದು; ಅದನ್ನೂ ತಪ್ಪದೆ ತೋರಿಸಬೇಕು.

ಪ್ಲಾಸ್ಟರ್ ಹಾಕಿದ ಮೇಲೆ ಮೊದಲ ಎರಡು ದಿನ ಕಾಲನ್ನು ಎತ್ತರದಲ್ಲಿಯೇ ಇರಿಸಿ, ಬೆರಳುಗಳನ್ನು ಗಂಟೆಗೊಮ್ಮೆ ಆಡಿಸುತ್ತಿರಬೇಕು. ಒಳಗೆ ನವೆಯಾದರೆ ಕಡ್ಡಿ, ಹೆಣೆಯುವ ಸೂಜಿಗಳನ್ನು ತೂರಿಸಿ ಕೆರೆದುಕೊಳ್ಳಬಾರದು. ಗೀರಿದ ಗಾಯ ಒಳಗೇ ಕೊಳೆಯುತ್ತದೆ. ಮೀನಖಂಡ ಬಾತು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದುದರ ಸೂಚನೆ, ಅದಕ್ಕೆ ತುರ್ತಾಗಿ ಆಸ್ಪತ್ರೆ. ಊರುಗೋಲಿನ ಮೇಲ್ತುದಿ ಕಂಕುಳಿಗಿಂತ ಎರಡು ಮೂರು ಬೆರಳಷ್ಟು ಕೆಳಗಿದ್ದು, ಭಾರ ಕೈಗಳ ಮೇಲೆ ಬೀಳಬೇಕು. ಕಂಕುಳಲ್ಲಿ ತೂಗಿದರೆ ಕೈಯ ನರಕ್ಕೆ ಪೆಟ್ಟಾಗುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದು, ಇಳಿಯುವಾಗ ಊರುಗೋಲೂ ಪೆಟ್ಟಾದ ಕಾಲೂ ಮುಂದು. ಕುಕ್ಕರುಗಾಲಿನ ಶೌಚಾಲಯವಿರುವ ಮನೆಯಲ್ಲಿ ನಡುವೆ ತೂತಿರುವ ಕುರ್ಚಿಯೊಂದನ್ನು ಮೊದಲೇ ತಂದಿರಿಸುವುದು ಎರಡನೆಯ ಬೀಳುವಿಕೆಯನ್ನು ತಪ್ಪಿಸುತ್ತದೆ. ಬೀಡಿ, ಸಿಗರೇಟು ಎಲುಬು ಕೂಡುವುದನ್ನು ನಿಧಾನಿಸುತ್ತವೆ. ಅವನ್ನು ಬಿಡುವುದು ಯಾವ ಟಾನಿಕ್ಕಿಗಿಂತಲೂ ಮೇಲು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಗಿಲಾದ ಸುಣ್ಣಾಂಶವಿರುವುದರಿಂದ ಮುದ್ದೆ, ಅಂಬಲಿ, ಅದರೊಡನೆ ಬೇಳೆ, ಹಾಲು, ಮೊಟ್ಟೆ, ಒಂದಿಷ್ಟು ಬಿಸಿಲು ಇದ್ದರೆ ಆಹಾರದ ಚಿಂತೆ ಬೇಡ.

ಕಟ್ಟು ಬಿಚ್ಚಿದ ಮೇಲೆ ಮೀನಖಂಡ ಸೊರಗಿರುವುದೂ ಹರಡು ಬಿಗಿದಿರುವುದೂ ಸಹಜ; ಕುಳಿತಲ್ಲಿಯೇ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದರಿಂದ ತೊಡಗಿ, ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತುವುದು, ಬಳಿಕ ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತುವುದು ಎಂಬ ಕ್ರಮದಲ್ಲಿ ಬಲ ಕೂಡಿಸಿಕೊಳ್ಳಬೇಕು. ಮರವೇರುವವರು, ಸಾರುವೆಯ ಮೇಲೆ ದುಡಿಯುವವರು ಪೆಟ್ಟಾದ ಕಾಲೊಂದರಲ್ಲಿಯೇ ನೋವಿಲ್ಲದೆ ಹೀಗೆ ಎದ್ದು ನಿಲ್ಲಬಲ್ಲವರಾಗಿ, ವೈದ್ಯರ ಒಪ್ಪಿಗೆ ಪಡೆಯುವವರೆಗೆ ಎತ್ತರದ ಕೆಲಸಕ್ಕೆ ಮರಳಕೂಡದು. ಸಂಜೆಯ ಹೊತ್ತಿಗೆ ಪಾದ ತುಸು ಬಾಯುವುದು ಕೆಲವು ತಿಂಗಳವರೆಗೆ ಇರಬಹುದು, ಅದಕ್ಕೆ ಅಂಜಬೇಕಾಗಿಲ್ಲ. ಮುರಿದಿದ್ದ ಎಡೆಯಲ್ಲಿಯೇ ಬೆರಳಿಟ್ಟಾಗ ಹಳೆಯ ಚುಚ್ಚುನೋವು ಮತ್ತೆ ತಲೆದೋರಿದರೆ ಮಾತ್ರ ಇನ್ನೊಂದು ಎಕ್ಸ್‌ರೇ ತೆಗೆಸಿಕೊಳ್ಳಿ.